ಬಾಯಿ ಉರಿಸುವ ಕಾಯಿ ನಮಗೇಕೆ ಬೇಕಾಯಿತು?

ನಾಯಕನಹಟ್ಟಿಯಲ್ಲಿ ಬಿಸಿ ಮುದ್ದೆಗೆ ಖಾರದ ಸಾರು ಬೇಕೇ ಬೇಕು. ಮಂಡಕ್ಕಿಗೆ ಮಿರ್ಚಿ ಇರಲೇಬೇಕು. ಆದರೆ 550 ವರ್ಷಗಳ ಹಿಂದೆ ಈ ನೆಲದಲ್ಲಿ ಒಂದೇ ಒಂದು ಮೆಣಸಿನಗಿಡವೂ ಇರಲಿಲ್ಲ! ಆಗ ಖಾರಕ್ಕೆ ಕಾಳುಮೆಣಸು, ಶುಂಠಿ, ಹಿಪ್ಪಲಿ.

ಮೆಣಸಿನಕಾಯಿಯ ತವರು ಅಮೆರಿಕ ಖಂಡ. ಮೆಕ್ಸಿಕೋ ಕಡೆಯ ಜನ ಸಾವಿರಾರು ವರ್ಷಗಳಿಂದ ಬೆಳೆದದ್ದು, 16ನೇ ಶತಮಾನದಲ್ಲಿ ಪೋರ್ಚುಗೀಸರ ಹಡಗು ಹತ್ತಿ ಇತ್ತ ಬಂತು.

ಉರಿಗೆ ಕಾರಣ ಕಾಯಿಯಲ್ಲಿರುವ ಕ್ಯಾಪ್ಸೈಸಿನ್ ಎಂಬ ರಾಸಾಯನಿಕ. ಬೀಜ ಅಗಿದು ಹಾಳುಮಾಡುವ ಇಲಿಯಂಥ ಪ್ರಾಣಿಗಳನ್ನು ಅದು ದೂರವಿಡುತ್ತದೆ. ಹಕ್ಕಿಗೆ ಉರಿಯೇ ತಿಳಿಯದು. ನುಂಗಿ, ಹಾರಿ, ಬೀಜ ಚೆಲ್ಲುತ್ತದೆ. ನಮ್ಮ ನಾಲಗೆಯಲ್ಲಿ ಸುಡುಬಿಸಿ ಗುರುತಿಸುವ ನರಗಳನ್ನೇ ಕ್ಯಾಪ್ಸೈಸಿನ್ ಕೆಣಕುತ್ತದೆ. ಆ ಗುಟ್ಟು ಬಿಡಿಸಿದ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು.

ಮತ್ತೆ ನಾವೇಕೆ ತಿಂತೀವಿ? ಅಪಾಯವಿಲ್ಲದ ಉರಿಯಲ್ಲಿ ಮನುಷ್ಯನಿಗೆ ಸುಖವಿದೆ ಎನ್ನುತ್ತಾರೆ ಮನಶ್ಶಾಸ್ತ್ರಜ್ಞ ಪಾಲ್ ರೋಜಿನ್. ನನಗೆ ಇನ್ನೂ ದೊಡ್ಡದಾಗಿ ಕಾಣುವ ಕಾರಣ ಬೇರೆ. ಕಾಳುಮೆಣಸಿಗೆ ಮಲೆನಾಡಿನ ಮಳೆ ಬೇಕು, ಕೊಳ್ಳಲು ಕಾಸು ಬೇಕು. ಮೆಣಸಿನಗಿಡ ಬಡವರ ಹಿತ್ತಲಲ್ಲೂ ಕಾಯಿ ಬಿಟ್ಟಿತು. ಒಣಗಿಸಿಟ್ಟರೆ ತಿಂಗಳುಗಟ್ಟಲೆ ಕೆಡದು. ಚಳ್ಳಕೆರೆ, ಮೊಳಕಾಲ್ಮೂರಿನಂಥ ಮಳೆ ಕಡಿಮೆಯ ಸೀಮೆಯಲ್ಲಿ ನಾಲ್ಕು ಕಾಯಿ, ಉಪ್ಪು, ಬೆಳ್ಳುಳ್ಳಿ ಅರೆದರೆ ಸಾಕು, ಮುದ್ದೆ ಸಲೀಸಾಗಿ ಇಳಿಯುತ್ತದೆ.