ಹಿತ್ತಲಿನಲ್ಲೊಂದು ಪುಟ್ಟ ಕೊಳ: ಟೆಕ್ಸಾಸ್ ಕನ್ನಡಿಗರಿಗೆ ಒಂದಿಷ್ಟು ಮಾಹಿತಿ



ಚಳಿ ಮುಗಿಯುತ್ತಿದ್ದಂತೆ ನಮ್ಮ ಮನೆಗಳಲ್ಲಿ ಕರಿಬೇವಿನ ಕುಂಡ ಗ್ಯಾರೇಜಿನಿಂದ ಹೊರಬರುತ್ತದೆ, ಮಲ್ಲಿಗೆಗೆ ಹೊಸ ಮಣ್ಣು ಬೀಳುತ್ತದೆ. ಜೊತೆಗೆ "ಹಿಂದೆ ಒಂದು ಪುಟ್ಟ ಕೊಳ ಮಾಡಿದರೆ ಹೇಗೆ?" ಎಂಬ ಮಾತೂ ಬರುತ್ತದೆ. ಖಂಡಿತ ಮಾಡಬಹುದು. ಆದರೆ ಸಲಿಕೆ ಹಿಡಿಯುವ ಮೊದಲೇ ಮೂರು ವಿಷಯ ಯೋಚಿಸಿರಬೇಕು: ಮನೆಯ ಮಕ್ಕಳು, ಊರಿನ ಮಣ್ಣು, ನಲ್ಲಿಯ ನೀರು. ಕೋಡ್ ಬರೆಯುವ ಮುನ್ನ ರಿಕ್ವೈರ್‌ಮೆಂಟ್ ಬರೆದುಕೊಳ್ಳುತ್ತೇವಲ್ಲ, ಹಾಗೆ!

ಮೊದಲು ಮಕ್ಕಳು

ನಡೆಯಲು ಕಲಿಯುತ್ತಿರುವ ಮಗು ಕೆಲವೇ ಇಂಚು ನೀರಿನಲ್ಲೂ ಮುಳುಗಬಹುದು, ಅದೂ ಸದ್ದಿಲ್ಲದೆ. ಊರಿನಿಂದ ಬಂದ ಅಜ್ಜ-ಅಜ್ಜಿ ಹಗಲೆಲ್ಲ ಮೊಮ್ಮಗುವನ್ನು ನೋಡಿಕೊಳ್ಳುವ ಮನೆಗಳು ನಮ್ಮಲ್ಲಿ ಬಹಳ. "ಕಣ್ಣಿಟ್ಟಿರುತ್ತೇವೆ" ಎಂಬ ಭರವಸೆ ಸಾಲದು. ಹಿಂಬಾಗಿಲಿಗೆ ಎತ್ತರದಲ್ಲಿ ಚಿಲಕ, ಕೊಳದ ಸುತ್ತ ಬೇಲಿ, ಬೇಲಿಗೆ ತಾನಾಗಿ ಮುಚ್ಚಿಕೊಳ್ಳುವ ಗೇಟು ಬೇಕೇ ಬೇಕು.

ಐದು ವರ್ಷದೊಳಗಿನ ಮಕ್ಕಳಿದ್ದರೆ ನಮ್ಮ ಸಲಹೆ: ಈಗ ಕೊಳ ಬೇಡ, ಕಾರಂಜಿ ಸಾಕು. ನೆಲದಲ್ಲಿ ಹೂತ ತೊಟ್ಟಿಯ ಮೇಲೆ ಗಟ್ಟಿ ಜಾಲರಿ ಹಾಕಿ ಹೊಳೆಗಲ್ಲು ಹರಡಿದರೆ ನೀರು ಕಲ್ಲುಗಳ ನಡುವೆ ಇಳಿದುಹೋಗುತ್ತದೆ. ನೀರಿನ ಸದ್ದು ಸಿಗುತ್ತದೆ, ಮೇಲೆ ನೀರು ನಿಲ್ಲುವುದಿಲ್ಲ.

ಹಲವು ನಗರಗಳಲ್ಲಿ 24 ಇಂಚಿಗಿಂತ ಆಳದ ನೀರಿಗೆ ಈಜುಕೊಳದ ನಿಯಮಗಳೇ ಅನ್ವಯಿಸಬಹುದು. ನಗರದ ಪರ್ಮಿಟ್ ಕಚೇರಿಯನ್ನೂ ಎಚ್‌ಓಎಯನ್ನೂ ಮೊದಲೇ ಕೇಳಿ. ಅಗೆಯುವುದಕ್ಕೆ ಕನಿಷ್ಠ ಎರಡು ಕೆಲಸದ ದಿನ ಮುಂಚೆ 811ಕ್ಕೆ ಫೋನ್ ಮಾಡಿದರೆ ಗ್ಯಾಸ್, ಕರೆಂಟ್ ಮುಂತಾದ ಕಂಪನಿಗಳ ಲೈನುಗಳನ್ನು ಉಚಿತವಾಗಿ ಗುರುತು ಮಾಡಿಕೊಡುತ್ತಾರೆ. ಪಂಪಿಗೆ ಜಿಎಫ್‌ಸಿಐ ಇರುವ ಪ್ಲಗ್ ಮಾತ್ರ ಬಳಸಿ.

ಮೂರು ಊರು, ಮೂರು ನೆಲ

ಡಲ್ಲಾಸ್ ಸುತ್ತಮುತ್ತ ಹೆಚ್ಚಾಗಿ ಕಪ್ಪು ಜೇಡಿಮಣ್ಣು, ನಮ್ಮ ಉತ್ತರ ಕರ್ನಾಟಕದ ಎರೆಭೂಮಿಯ ಹಾಗೆ. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಇಲ್ಲಿ ಕಾಂಕ್ರೀಟಿಗಿಂತ ಮಣ್ಣಿನ ಜೊತೆ ಬಾಗುವ 45 ಮಿಲ್ ದಪ್ಪದ ಇಪಿಡಿಎಂ ರಬ್ಬರ್ ಲೈನರ್ ಮೇಲು. ಕೊಳ ಫೌಂಡೇಶನ್‌ನಿಂದ ದೂರವಿರಲಿ. ನೀರು ಸೋರಿ ಒಂದೇ ಕಡೆಯ ಮಣ್ಣು ಉಬ್ಬಿದರೆ ಮನೆಗೇ ತೊಂದರೆ.

ಆಸ್ಟಿನ್‌ನ ಪಶ್ಚಿಮ ಭಾಗದಲ್ಲಿ ಸ್ವಲ್ಪ ಅಗೆದರೆ ಸುಣ್ಣಕಲ್ಲು ಸಿಗುತ್ತದೆ. ಬಂಡೆಯೊಡನೆ ಗುದ್ದಾಡುವ ಬದಲು ಅರ್ಧ ಅಗೆದು, ಉಳಿದರ್ಧಕ್ಕೆ ಅದೇ ಕಲ್ಲಿನ ಕಟ್ಟೆ ಕಟ್ಟಿ. ಜಿಲ್ಕರ್ ಬೊಟಾನಿಕಲ್ ಗಾರ್ಡನ್‌ನಲ್ಲಿ ಇಸಾಮು ತನಿಗುಚಿ ಅವರು ಕಲ್ಲುನೆಲದ ಇಳಿಜಾರಿನಲ್ಲಿ ರೂಪಿಸಿದ, 1969ರಲ್ಲಿ ತೆರೆದ ಜಪಾನಿ ತೋಟದ ಕೊಳಗಳನ್ನು ನೋಡಿಬಂದರೆ ಇಂಥ ನೆಲದಲ್ಲಿ ಏನು ಸಾಧ್ಯ ಎಂದು ತಿಳಿಯುತ್ತದೆ.

ಹ್ಯೂಸ್ಟನ್‌ನದು ಸಪಾಟು ನೆಲ, ವರ್ಷಕ್ಕೆ ಸುಮಾರು 50 ಇಂಚು ಮಳೆ. ಇಲ್ಲಿ ನಮ್ಮ ಕೆರೆಗಳ ಏರಿ ಮತ್ತು ಕೋಡಿಯನ್ನು ನೆನಪಿಸಿಕೊಳ್ಳಿ. ಅಂಚು ಸುತ್ತಲಿನ ಹುಲ್ಲಿಗಿಂತ ನಾಲ್ಕಾರು ಇಂಚು ಎತ್ತರವಿದ್ದರೆ ಗೊಬ್ಬರ, ಕಳೆನಾಶಕದ ನೀರು ಒಳಗೆ ಬರುವುದಿಲ್ಲ. ಹೆಚ್ಚಾದ ನೀರು ಹೋಗಲು ಒಂದು ಕಡೆ ಕೋಡಿ ಇರಲಿ, ಅದು ಪಕ್ಕದ ಮನೆಯ ಕಡೆಗೆ ಹರಿಯದಿರಲಿ. ನೆಲದಡಿಯ ನೀರು ಮೇಲೆ ಬಂದರೆ ಲೈನರ್ ಉಬ್ಬಿ ಏಳಬಹುದು. ಆದ್ದರಿಂದ ತಗ್ಗಿನ ಜಾಗ ಬೇಡ.

ಲೆಕ್ಕಾಚಾರ

8 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಆಳ ಎಂದುಕೊಳ್ಳಿ. ಮೂರನ್ನೂ ಗುಣಿಸಿ ಮತ್ತೆ 7.5ರಿಂದ ಗುಣಿಸಿದರೆ 720 ಗ್ಯಾಲನ್. ಲೈನರ್‌ಗೆ ಉದ್ದ-ಅಗಲ ಎರಡಕ್ಕೂ ಆಳದ ಎರಡರಷ್ಟು ಮತ್ತು ಅಂಚಿಗೆ 2 ಅಡಿ ಸೇರಿಸಿ: 14 ಅಡಿ x 12 ಅಡಿ. ಪಂಪು ಎರಡು ಗಂಟೆಗೊಮ್ಮೆಯಾದರೂ ಎಲ್ಲ ನೀರನ್ನು ತಿರುಗಿಸಬೇಕು, ಅಂದರೆ ಗಂಟೆಗೆ 360 ಗ್ಯಾಲನ್‌ಗೆ ಕಡಿಮೆಯಿಲ್ಲದಂತೆ. ಬದಿಗಳನ್ನು ಕಲ್ಯಾಣಿಯ ಮೆಟ್ಟಿಲಿನಂತೆ ಕಡಿದರೆ ಗಿಡದ ಕುಂಡ ಇಡಲು ಜಾಗವಾಗುತ್ತದೆ, ಒಳಗೆ ಬಿದ್ದ ಅಳಿಲು ಹತ್ತಿ ಬರಲೂ ದಾರಿಯಾಗುತ್ತದೆ. ಕೊಯಿ ಮೀನು ಸಾಕುವವರಿಗೆ 3 ಅಡಿಗಿಂತ ಹೆಚ್ಚು ಆಳ ಬೇಕು.

ನೀರು ಮತ್ತು ಮೀನು

ಡಲ್ಲಾಸ್, ಆಸ್ಟಿನ್ ನಗರಗಳ ನೀರಿನಲ್ಲಿ ಕ್ಲೋರಮೈನ್ ಇರುತ್ತದೆ. ಕ್ಲೋರಿನ್‌ನಂತೆ ಇದು ಒಂದೆರಡು ದಿನ ನೀರು ನಿಂತ ಮಾತ್ರಕ್ಕೆ ಹೋಗುವುದಿಲ್ಲ, ಮೀನಿಗೆ ವಿಷ. ಕ್ಲೋರಮೈನ್ ತೆಗೆಯುವ ಔಷಧವನ್ನೇ ಕೇಳಿ ತನ್ನಿ. ಬೇಸಿಗೆಯಲ್ಲಿ ಆವಿಯಾದ ನೀರನ್ನು ತುಂಬಿಸುವಾಗಲೂ ಅದು ಬೇಕು.

ನೀರು ತುಂಬಿದ ದಿನವೇ ಮೀನು ಬಿಡಬೇಡಿ. ಮೀನಿನ ಕಸದಿಂದ ಹುಟ್ಟುವ ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗಿ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ಫಿಲ್ಟರಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಪಂಪು ಓಡುತ್ತಿರಲಿ, ಒಂದೆರಡು ಮೀನಿನಿಂದ ಶುರುಮಾಡಿ, ಟೆಸ್ಟ್ ಕಿಟ್‌ನಲ್ಲಿ ನೋಡುತ್ತಿರಿ.

ಸೊಳ್ಳೆ ಮತ್ತು ಗಿಡ

2012ರಲ್ಲಿ ಟೆಕ್ಸಾಸ್‌ನಲ್ಲಿ 1,800ಕ್ಕೂ ಹೆಚ್ಚು ಜನರಿಗೆ ವೆಸ್ಟ್ ನೈಲ್ ಕಾಯಿಲೆ ತಗುಲಿತು. ಡಲ್ಲಾಸ್‌ನಲ್ಲಿ ವಿಮಾನದಿಂದ ಔಷಧ ಸಿಂಪಡಿಸಬೇಕಾಯಿತು. ಬೇಸಿಗೆಯಲ್ಲಿ ಸೊಳ್ಳೆಯ ಮೊಟ್ಟೆ ಹಾರುವ ಸೊಳ್ಳೆಯಾಗಲು ವಾರ-ಹತ್ತು ದಿನ ಸಾಕು. ಹಾಗಾಗಿ ನೀರು ಸದಾ ಅಲುಗಾಡುತ್ತಿರಲಿ. ಟೆಕ್ಸಾಸ್‌ನದೇ ಆದ ಗ್ಯಾಂಬೂಸಿಯಾ ಮೀನು ಸೊಳ್ಳೆಮರಿಗಳನ್ನು ತಿನ್ನುತ್ತದೆ. ಮೀನಿಲ್ಲದ ತೊಟ್ಟಿಗೆ ತಿಂಗಳಿಗೊಮ್ಮೆ ಬಿಟಿಐ ಬಿಲ್ಲೆ ಹಾಕಿ, ಅದು ಮೀನು, ಸಾಕುಪ್ರಾಣಿಗಳಿಗೆ ಹಾನಿ ಮಾಡುವುದಿಲ್ಲ.

ಹೂವಿಗೆ ದಿನಕ್ಕೆ ಆರು ಗಂಟೆ ಬಿಸಿಲು ಬೇಕು. ನೀರಿನ ಮೇಲೆಯೇ ತೇಲುವ, ಸೀಳಿದ ಎಲೆಯದು ನೈದಿಲೆ. ಎಲೆ ನೀರಿನಿಂದ ಮೇಲಕ್ಕೆ ಎದ್ದು ನಿಲ್ಲುವುದು ತಾವರೆ. ಪುಟ್ಟ ಕೊಳಕ್ಕೆ ನೈದಿಲೆ ಸುಲಭ. ಹಳದಿ ಹೂವಿನ 'ಟೆಕ್ಸಾಸ್ ಡಾನ್' 2011ರಿಂದ ಈ ರಾಜ್ಯದ ಅಧಿಕೃತ ನೈದಿಲೆ. ಆದರೆ ಊರಿನ ಕೆರೆಗಳನ್ನು ಮುಚ್ಚುವ ನೇರಳೆ ಹೂವಿನ ಅಂತರಗಂಗೆಯನ್ನು ಇಲ್ಲಿ ಬೆಳೆಸುವುದು ಕಾನೂನುಬಾಹಿರ. ಸಾಕಿದ ಮೀನನ್ನು ಹತ್ತಿರದ ಕ್ರೀಕಿಗೆ ಬಿಡುವುದೂ ತಪ್ಪು.

ಬಿಸಿಲು, ಹಿಮ

2011ರಲ್ಲಿ ಡಲ್ಲಾಸ್ 71 ದಿನ 100 ಡಿಗ್ರಿ ದಾಟಿತು ಅಥವಾ ಮುಟ್ಟಿತು. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ. ಮಧ್ಯಾಹ್ನದ ನೆರಳು, ಅರ್ಧದಷ್ಟು ನೀರನ್ನು ಮುಚ್ಚುವ ಎಲೆಗಳು, ರಾತ್ರಿಯೂ ಓಡುವ ಪಂಪು ಮೀನನ್ನು ಕಾಯುತ್ತವೆ. 2021ರ ಫೆಬ್ರವರಿಯಂತೆ ಹೆಪ್ಪುಗಟ್ಟಿ ಕರೆಂಟೂ ಹೋದರೆ ಮಂಜುಗಡ್ಡೆಯನ್ನು ಸುತ್ತಿಗೆಯಿಂದ ಒಡೆಯಬೇಡಿ, ಆ ಪೆಟ್ಟು ಮೀನಿಗೆ ತಾಗುತ್ತದೆ. ಬಿಸಿನೀರಿನ ಪಾತ್ರೆ ಮೇಲಿಟ್ಟು ಒಂದು ಕಿಂಡಿ ಮಾಡಿ.

ಇಷ್ಟೆಲ್ಲ ಬೇಡ ಎನ್ನುವವರಿಗೆ, ಬಾಡಿಗೆ ಮನೆಯವರಿಗೆ, ಟೆಕ್ಸಾಸ್‌ನ ದನಗಳಿಗೆ ನೀರಿಡುವ ತಗಡಿನ ತೊಟ್ಟಿಯೇ ಸಾಕು. ಒಂದು ನೈದಿಲೆ, ನಾಲ್ಕು ಗ್ಯಾಂಬೂಸಿಯಾ, ಪುಟ್ಟ ಪಂಪು ಹಾಕಿದರೆ ಅದೇ ಕೊಳ. ಮಕ್ಕಳ ವಿಷಯದಲ್ಲಿ ಮಾತ್ರ ತೊಟ್ಟಿಗೂ ಅದೇ ಎಚ್ಚರ ಇರಲಿ.

ನಿಮ್ಮ ಹಿತ್ತಲಿನಲ್ಲಿ ಬೇಗ ಹೂವು ಅರಳಲಿ. ಶುಭವಾಗಲಿ!