ಪಾಲಿಹೌಸಿನ ಗಾಳಿಕಿಂಡಿಗೆ ಮೋಟಾರು ದಂಡ

ಪಾಲಿಹೌಸಿನಲ್ಲಿ ದೊಣ್ಣೆಮೆಣಸು, ಸೌತೆ ಬೆಳೆಯುವ ರೈತ ಬಾಂಧವರಿಗೆ ಗಾಳಿಕಿಂಡಿಯ ಮಹತ್ವ ತಿಳಿದೇ ಇದೆ. ಬಿಸಿಲೇರಿದಾಗ ಕಿಂಡಿ ಮುಚ್ಚಿದ್ದರೆ ಒಳಗಿನ ಉಷ್ಣತೆ ಬೇಗನೆ ಏರಿ ಹೂವು ಉದುರುತ್ತದೆ. ಹೊತ್ತಿಗೆ ಸರಿಯಾಗಿ ಕಿಂಡಿ ತೆರೆಯಲು ಆಳು ಸಿಗದಿದ್ದಲ್ಲಿ ಈ ಕೆಲಸವನ್ನು ಲೀನಿಯರ್ ಆಕ್ಚುಯೇಟರ್ ಎಂಬ ಮೋಟಾರು ದಂಡಕ್ಕೂ, ಅದನ್ನು ನಡೆಸುವ ಮೈಕ್ರೋಕಂಟ್ರೋಲರಿಗೂ ವಹಿಸಬಹುದು.

ರಚನೆ: 12 ವೋಲ್ಟಿನ ಡಿ.ಸಿ. ಮೋಟಾರು ಹಲ್ಲುಗಾಲಿಗಳ ಮೂಲಕ ಉದ್ದನೆಯ ತಿರುಪನ್ನು ತಿರುಗಿಸುತ್ತದೆ; ತಿರುಪಿನ ಮೇಲಿನ ನಟ್ಟು ದಂಡವನ್ನು ಹೊರಕ್ಕೆ ದೂಡುತ್ತದೆ. ಮೋಟಾರಿನ ಎರಡು ತಂತಿಗಳನ್ನು ಅದಲುಬದಲು ಮಾಡಿದರೆ ದಂಡ ಒಳಕ್ಕೆ ಸರಿಯುತ್ತದೆ.

ಜೋಡಣೆ: ಆರ್ಡುಯಿನೋ ಊನೋ ಹಲಗೆಯ ಒಂದು ಪಿನ್ನಿನಿಂದ 20 ಮಿಲಿಆಂಪಿಯರಿಗಿಂತ ಹೆಚ್ಚು ಪ್ರವಾಹ ಎಳೆಯಬಾರದು. ಮೋಟಾರಿಗಾದರೋ ಆಂಪಿಯರುಗಟ್ಟಲೆ ಬೇಕು. ಆದ್ದರಿಂದ ಎರಡನ್ನೂ ನೇರವಾಗಿ ಸೇರಿಸಬೇಡಿ. ನಡುವೆ ಎರಡು ರಿಲೇಗಳ ಮಾಡ್ಯೂಲ್ ಇರಲಿ. ಮೋಟಾರಿನ ಒಂದೊಂದು ತಂತಿಯನ್ನು ಒಂದೊಂದು ರಿಲೇಯ ನಡುತುದಿಗೆ ಕೊಡಿ. ರಿಲೇ ಸುಮ್ಮನಿದ್ದಾಗ ನಡುತುದಿಗೆ ತಾಗುವ ತುದಿಯನ್ನು ಬ್ಯಾಟರಿಯ ಋಣಕ್ಕೂ, ಎಳೆದಾಗ ತಾಗುವ ತುದಿಯನ್ನು ಧನಕ್ಕೂ ಸೇರಿಸಿ. ಒಂದು ರಿಲೇ ಎಳೆದರೆ ಕಿಂಡಿ ತೆರೆಯುತ್ತದೆ, ಇನ್ನೊಂದು ಎಳೆದರೆ ಮುಚ್ಚುತ್ತದೆ. ಎರಡೂ ಎಳೆದರೂ ಮೋಟಾರು ನಿಲ್ಲುವುದೇ ಹೊರತು ಬ್ಯಾಟರಿ ಶಾರ್ಟ್ ಆಗುವುದಿಲ್ಲ. ಧನ ತಂತಿಗೆ ಫ್ಯೂಸು ಹಾಕತಕ್ಕದ್ದು.

ಉಷ್ಣತೆಯ ಮಿತಿ: ಡಿಎಸ್18ಬಿ20 ಸಂವೇದಕವನ್ನು ಗಿಡದ ಎತ್ತರದಲ್ಲಿ, ನೆರಳಿನಲ್ಲಿ ತೂಗುಹಾಕಿ. ಉದಾಹರಣೆಗೆ, 30 ಡಿಗ್ರಿಗೆ ತೆರೆಯುವಂತೆ, 26 ಡಿಗ್ರಿಗೆ ಮುಚ್ಚುವಂತೆ ಪ್ರೋಗ್ರಾಂ ಬರೆಯಿಸಿ. ಎರಡಕ್ಕೂ ಒಂದೇ ಅಂಕೆ ಇಟ್ಟರೆ ಕಿಂಡಿ ಪದೇ ಪದೇ ತೆರೆದು ಮುಚ್ಚಿ ಮೋಟಾರು ಕಾಯುತ್ತದೆ.

ಮುಖ್ಯ ಎಚ್ಚರಿಕೆಗಳು:

1. ಇಲಿ ಕಡಿದು ಸಂವೇದಕದ ತಂತಿ ತುಂಡಾದರೆ, ಸಾಮಾನ್ಯವಾಗಿ ಬಳಸುವ ಪ್ರೋಗ್ರಾಂ ಭಂಡಾರವು -127 ಎಂಬ ಅಂಕೆ ಕೊಡುತ್ತದೆ. ಯಂತ್ರ ಇದನ್ನು ಚಳಿಯೆಂದು ತಿಳಿದು ನಡುಮಧ್ಯಾಹ್ನ ಕಿಂಡಿ ಮುಚ್ಚಿಬಿಡುತ್ತದೆ, ಬೆಳೆ ಬೇಯುತ್ತದೆ. ಆದ್ದರಿಂದ ಸತತವಾಗಿ ಮೂರು ಬಾರಿ 0ಕ್ಕಿಂತ ಕಡಿಮೆ ಅಥವಾ 60ಕ್ಕಿಂತ ಹೆಚ್ಚು ಅಂಕೆ ಬಂದರೆ ಕಿಂಡಿ ತೆರೆಯುವಂತಿರಬೇಕು.

2. ಸೆಕೆಂಡಿಗೆ 10 ಮಿ.ಮೀ. ಸರಿಯುವ 300 ಮಿ.ಮೀ. ದಂಡಕ್ಕೆ 30 ಸೆಕೆಂಡು ಸಾಕು. 35 ಸೆಕೆಂಡಾದೊಡನೆ ರಿಲೇ ಬಿಡುವಂತೆ ಮಾಡಿ. ಕಿಂಡಿ ಸಿಕ್ಕಿಕೊಂಡರೂ ಮೋಟಾರು ಸುಡದು.

3. ವಿದ್ಯುತ್ ನಿಂತರೆ ದಂಡ ಇದ್ದಲ್ಲಿಯೇ ನಿಲ್ಲುತ್ತದೆ. ಅದನ್ನು ಕಿಂಡಿಗೆ ಸೇರಿಸುವ ಪಿನ್ನು ಕೈಯಿಂದ ಕೀಳುವಂತಿರಲಿ. ದುರಸ್ತಿಗೆ ಮುನ್ನ ಬ್ಯಾಟರಿ ಕಳಚಿ; ಈ ದಂಡ ಬೆರಳನ್ನು ಜಜ್ಜಬಲ್ಲದು.

ಸಸಿ ನಾಟಿ ಮಾಡುವ ಮೊದಲು ಸಂವೇದಕದ ತಂತಿಯನ್ನು ಕಿತ್ತು ಪರೀಕ್ಷಿಸಿರಿ. ಕಿಂಡಿ ತಾನಾಗಿ ತೆರೆದರೆ ಮಾತ್ರ ಬೆಳೆಯನ್ನು ಯಂತ್ರಕ್ಕೆ ಒಪ್ಪಿಸಿರಿ.