ನುಮಾಯಿಷಿನ ಹಣ ಎಲ್ಲಿಗೆ ಹೋಗುವುದು?

ಜನವರಿ ಬಂದೊಡನೆ ಕೋಠಿಯ ನಾವೆಲ್ಲರೂ ನಾಂಪಲ್ಲಿಯ ನುಮಾಯಿಷಿಗೆ ಹೊರಡುವೆವು. ಬಳೆ, ಕಂಬಳಿ, ತಿಂಡಿ, ತೊಟ್ಟಿಲುಗಳು ಕಣ್ಣಿಗೆ ಬೀಳುವುವು. ಟಿಕೀಟಿನ ಹಣ ಎಲ್ಲಿಗೆ ಹೋಗುವುದೆಂದು ನಾವು ಕೇಳುವುದು ವಿರಳ.

1938ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ಪದವೀಧರರು, ಹೈದರಾಬಾದು ಸಂಸ್ಥಾನದ ಆರ್ಥಿಕ ಸಮೀಕ್ಷೆಗೆ ಹಣ ಕೂಡಿಸಲೆಂದು, ಸಾರ್ವಜನಿಕ ಉದ್ಯಾನದಲ್ಲಿ ಈ ಪ್ರದರ್ಶನವನ್ನು ಆರಂಭಿಸಿದರು. ನಮ್ಮ ಕಲಬುರಗಿ, ರಾಯಚೂರು, ಬೀದರಗಳೂ ಅಂದು ಆ ಸಂಸ್ಥಾನದಲ್ಲಿಯೇ ಇದ್ದವು. 1946ರಲ್ಲಿ ಪ್ರದರ್ಶನವು ನಾಂಪಲ್ಲಿಯ ಬಯಲಿಗೆ ಬಂದಿತು.

ಇದನ್ನು ನಡೆಸುವ ಸಂಘದಲ್ಲಿ ಲಾಭವನ್ನು ಯಾರೂ ಹಂಚಿಕೊಳ್ಳುವಂತಿಲ್ಲ. ಮಳಿಗೆಗಳ ಬಾಡಿಗೆ, ಪ್ರವೇಶಶುಲ್ಕಗಳಿಂದ ಬಂದುದರಲ್ಲಿ ವೆಚ್ಚ ಕಳೆದು ಉಳಿದುದು ವಿದ್ಯಾಸಂಸ್ಥೆಗಳಿಗೆ ಸಲ್ಲುವುದು. ಸರೋಜಿನಿ ನಾಯ್ಡು ವನಿತಾ ಮಹಾವಿದ್ಯಾಲಯ, ಕಮಲಾ ನೆಹರು ಮಹಿಳಾ ಪಾಲಿಟೆಕ್ನಿಕ್ ಈ ಸಂಘದವೇ.

ಆದರೆ ಹಣದ ಲೆಕ್ಕವೊಂದೇ ಸಾಲದು, ಬಯಲನ್ನೂ ಕಾಯಬೇಕು. 2019ರ ಜನವರಿ 30ರ ರಾತ್ರಿ ಬೆಂಕಿ ಹೊತ್ತಿ ಅನೇಕ ಮಳಿಗೆಗಳು ಸುಟ್ಟುಹೋದವು; ದೂರದಿಂದ ಬಂದ ವ್ಯಾಪಾರಿಗಳ ಸರಕು ಬೂದಿಯಾಯಿತು. ಮಳಿಗೆಗಳ ನಡುವೆ ಅಗಲವಾದ ದಾರಿ, ಕೈಗೆಟಕುವ ನೀರು, ಭದ್ರವಾದ ವಿದ್ಯುತ್ತಂತಿ, ಇವಿಲ್ಲದೆ ಪರೋಪಕಾರವೂ ನಿಲ್ಲದು.

ಮಕ್ಕಳೇ, ಮುಂದಿನ ಸಲ ಟಿಕೀಟು ಕೊಳ್ಳುವಾಗ ನೆನೆಯಿರಿ: ನಿಮ್ಮ ಒಂದು ಸಂಜೆಯ ಸಂತೋಷದಲ್ಲಿ ಯಾವಳೋ ಸೋದರಿಯ ಪಾಠವೂ ಅಡಗಿರುವುದು.